ಸಣ್ಣ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಟೀಮಿಗೆ ಒಳ್ಳೆ ಕೋಚ್ ಯಾಕೆ ಬರುತ್ತಾರೆ?

ನಿಮ್ಮ ಪತ್ರ ಎರಡು ಸಲ ಓದಿದೆ. ಮೈಸೂರಿನಲ್ಲಿ ಯೂನಿವರ್ಸಿಟಿ ಟೀಮಿಗೆ ಆಡಿದ್ದೀರಿ, ಶಾಲೆ ಮಕ್ಕಳಿಗೆ ಕೋಚಿಂಗ್ ಮಾಡಿದ್ದೀರಿ, ಹೋದ ಆಗಸ್ಟ್‌ನಲ್ಲಿ ಚಿಕಾಗೋಗೆ ಓದಲು ಬಂದಿದ್ದೀರಿ. ಈಗ ನಿಮ್ಮ ಮುಂದೆ ಎರಡು ದಾರಿ. ಇರುವ ದೊಡ್ಡ ಯೂನಿವರ್ಸಿಟಿಯಲ್ಲೇ ಉಳಿದು ಅಲ್ಲಿನ ಟೀಮಿಗೆ ಸಂಬಳವಿಲ್ಲದ ಮ್ಯಾನೇಜರ್ ಆಗುವುದು ಒಂದು. ಇಂಡಿಯಾನಾದ ಒಂದು ಸಣ್ಣ ಡಿವಿಜನ್ 3 (ಇಲ್ಲಿನ ಕಾಲೇಜು ಆಟದ ಮೂರು ಹಂತಗಳಲ್ಲಿ ಕೊನೆಯದು) ಕಾಲೇಜಿಗೆ ಟ್ರಾನ್ಸ್‌ಫರ್ ಆಗಿ, ಅಲ್ಲೇ ಮಾಸ್ಟರ್ಸ್ ಓದುತ್ತಾ ಗ್ರಾಜುಯೇಟ್ ಅಸಿಸ್ಟೆಂಟ್ ಕೋಚ್ ಆಗುವುದು ಇನ್ನೊಂದು. ‘ಅಕ್ಕಾ, ಆ ಹಳ್ಳಿ ಕಾಲೇಜಿಗೆ ಯಾವ ಒಳ್ಳೆ ಕೋಚ್ ಬರ್ತಾರೆ? ಹೋದರೆ ನಾನು ಅಲ್ಲೇ ಕೊಳೆತು ಹೋಗ್ತೀನಾ?’ ಅಂತ ಕೇಳಿದ್ದೀರಿ.

ನಾನು ಇಂಡಿಯಾನಾಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಇಂಥದ್ದೇ ಒಂದು ಕಾಲೇಜಿನ ಅಕೌಂಟ್ಸ್ ಆಫೀಸಿನಲ್ಲಿ ಕೆಲಸ. ಕೋಚ್‌ಗಳ ಬಸ್ ಬಿಲ್, ಹೋಟೆಲ್ ಬಿಲ್, ಶೂಸ್ ಆರ್ಡರ್ ಎಲ್ಲ ನನ್ನ ಮೇಜಿನ ಮೇಲೇ ಬರುತ್ತವೆ. ಯಾರು ಬಂದರು, ಯಾರು ಉಳಿದರು, ಯಾರು ಯಾಕೆ ಬಿಟ್ಟು ಹೋದರು ಅಂತ ಹತ್ತಿರದಿಂದ ನೋಡಿದ್ದೇನೆ. ನಾನು ಆಡಿದವಳಲ್ಲ. ಆದರೆ ಈ ರಾಜ್ಯದಲ್ಲಿ ಇದ್ದು ಬ್ಯಾಸ್ಕೆಟ್‌ಬಾಲ್ ಹಿಡಿಸದೇ ಇರುವುದು ಕಷ್ಟ. ಅಮೆರಿಕದ ಅತಿ ದೊಡ್ಡ ಹೈಸ್ಕೂಲ್ ಜಿಮ್‌ಗಳಲ್ಲಿ ಹೆಚ್ಚಿನವು ಇಲ್ಲೇ ಇವೆ. ಚಳಿಗಾಲದ ಶುಕ್ರವಾರ ರಾತ್ರಿ ಊರಿಗೆ ಊರೇ ಅಲ್ಲಿರುತ್ತದೆ.

ಕೋಚ್‌ಗಳನ್ನು ಸೆಳೆಯುವುದು ಸಂಬಳ, ಹೊಸ ಜಿಮ್ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅವೂ ಬೇಕು, ಸುಳ್ಳಲ್ಲ. ಆದರೆ ಕೆಲಸ ಒಪ್ಪಿಕೊಳ್ಳುವ ಮೊದಲು ಬುದ್ಧಿವಂತ ಕೋಚ್ ವಿಚಾರಿಸುವುದೇ ಬೇರೆ. ನನ್ನ ಮೇಲೆ ಇರುವವರು ಯಾರು? ಅವರು ಎಷ್ಟು ದಿನ ಇರುತ್ತಾರೆ? ನಾನು ಸೋತಾಗ ಎಷ್ಟು ವರ್ಷ ಕಾಯುತ್ತಾರೆ? ನನಗೆ ಕಂಡ ಮಟ್ಟಿಗೆ ಎಲ್ಲ ನಿಂತಿರುವುದು ಈ ಮೂರನೇ ಪ್ರಶ್ನೆಯ ಮೇಲೆ.

ನಾರ್ತ್ ಕೆರೊಲೈನಾದ ಡೇವಿಡ್‌ಸನ್ ಕಾಲೇಜ್ ನೋಡಿ. ಸುಮಾರು 2,000 ವಿದ್ಯಾರ್ಥಿಗಳ ಕಾಲೇಜು. ಆದರೂ ದೊಡ್ಡವರ ಜೊತೆ ಡಿವಿಜನ್ 1ರಲ್ಲಿ ಆಡುತ್ತದೆ. 1989ರಲ್ಲಿ ಅವರು ಬಾಬ್ ಮೆಕಿಲಪ್ ಅನ್ನುವ ಹೈಸ್ಕೂಲ್ ಕೋಚ್ ಒಬ್ಬರನ್ನು ಕರೆತಂದರು. ಮೊದಲ ಸೀಸನ್‌ನಲ್ಲಿ ಗೆದ್ದದ್ದು 4, ಸೋತದ್ದು 24. ಬೇರೆ ಕಡೆ ಆಗಿದ್ದರೆ ಎರಡು ಮೂರು ವರ್ಷದಲ್ಲಿ ಗಂಟುಮೂಟೆ ಕಟ್ಟಿಸುತ್ತಿದ್ದರು. ಇವರು ಕಾದರು. ಮಾರ್ಚ್ ತಿಂಗಳ ರಾಷ್ಟ್ರೀಯ ಟೂರ್ನಮೆಂಟಿಗೆ ಮೆಕಿಲಪ್ ತಮ್ಮ ಟೀಮನ್ನು ಮೊದಲ ಸಲ ಕರೆದೊಯ್ದದ್ದು 1998ರಲ್ಲಿ. ಅಲ್ಲಿ ಅವರಿಗೆ ಮೊದಲ ಗೆಲುವು ಸಿಕ್ಕಿದ್ದು 2008ರಲ್ಲಿ. ಆ ವರ್ಷ ಆಡಿದ ಹುಡುಗ ಸ್ಟೀಫನ್ ಕರಿ, ಆಮೇಲೆ ಎನ್‌ಬಿಎ ವೃತ್ತಿಪರ ಲೀಗ್‌ನ ದೊಡ್ಡ ತಾರೆ. ತೆಳ್ಳಗಿದ್ದಾನೆ, ಕುಳ್ಳಗಿದ್ದಾನೆ ಅಂತ ದೊಡ್ಡ ಯೂನಿವರ್ಸಿಟಿಗಳು ಸ್ಕಾಲರ್‌ಶಿಪ್ ಕೊಡದೆ ಬಿಟ್ಟಿದ್ದ ಹುಡುಗ. ಗೊನ್ಜಾಗಾ, ಜಾರ್ಜ್‌ಟೌನ್, ವಿಸ್ಕಾನ್ಸಿನ್ ಮೂರನ್ನೂ ಸೋಲಿಸಿ, ಕಾನ್ಸಸ್ ಎದುರು 59-57ರಲ್ಲಿ ಸೋತರು. ಆ ಟೂರ್ನಮೆಂಟ್ ನಡೆಯುವಾಗ ಡೇವಿಡ್‌ಸನ್ ಟ್ರಸ್ಟಿಗಳು ಏನು ಮಾಡಿದರು ಗೊತ್ತಾ? ಡೆಟ್ರಾಯಿಟ್‌ಗೆ ಮ್ಯಾಚ್ ನೋಡಲು ಹೊರಟ ವಿದ್ಯಾರ್ಥಿಗಳ ಬಸ್ಸು, ಟಿಕೆಟ್ಟು, ಹೋಟೆಲ್ ಖರ್ಚು ಕೈಯಿಂದ ಕೊಟ್ಟರು. ಇಂಥ ಕಾಲೇಜನ್ನು ಬಿಟ್ಟು ಹೋಗಲು ಯಾವ ಕೋಚ್‌ಗೆ ಮನಸ್ಸು ಬರುತ್ತದೆ ಹೇಳಿ. ಮೆಕಿಲಪ್ ಅಲ್ಲೇ 33 ವರ್ಷ ಇದ್ದು 2022ರಲ್ಲಿ ನಿವೃತ್ತರಾದರು. ಅವರ ಜಾಗಕ್ಕೆ ಬಂದದ್ದು ಅವರ ಮಗ.

ಈ ಕಥೆ ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣ ಇದೆ. ಸಣ್ಣ ಕಾಲೇಜಿಗೆ ದುಡ್ಡಿನಲ್ಲಿ ಪೈಪೋಟಿ ಕೊಡಲು ಆಗುವುದಿಲ್ಲ. ಅವರ ಹತ್ತಿರ ಕೊಡಲು ಇರುವುದು ಸಮಯ ಮತ್ತು ನಂಬಿಕೆ. ಅದನ್ನು ಕೊಡುವ ಕಡೆ ಕೋಚ್‌ಗಳು ಬರುತ್ತಾರೆ, ಉಳಿಯುತ್ತಾರೆ.

ಇನ್ನೊಂದು ವಿಷಯ, ಇದು ನೇರ ನಿಮಗೇ ಸಂಬಂಧಪಟ್ಟದ್ದು. ಒಳಗಿನವರನ್ನು ಬೆಳೆಸುವ ಕಾಲೇಜು ಹೌದೋ ಅಲ್ಲವೋ ನೋಡಿ. ವಾಷಿಂಗ್ಟನ್ ರಾಜ್ಯದ ಸ್ಪೋಕೇನ್‌ನಲ್ಲಿರುವ ಗೊನ್ಜಾಗಾಗೆ ಮಾರ್ಕ್ ಫ್ಯೂ 1990ರ ಆಸುಪಾಸಿನಲ್ಲಿ ಸೇರಿದ್ದು ನಿಮ್ಮ ಹಾಗೇ ಗ್ರಾಜುಯೇಟ್ ಅಸಿಸ್ಟೆಂಟ್ ಆಗಿ. 1999ರಲ್ಲಿ ಹೆಡ್ ಕೋಚ್ ದೊಡ್ಡ ಯೂನಿವರ್ಸಿಟಿಗೆ ಹೋದಾಗ ಕಾಲೇಜು ಹೊರಗೆ ಹುಡುಕಲಿಲ್ಲ, ಇವರನ್ನೇ ಕೂರಿಸಿತು. ಇವತ್ತಿಗೂ ಅಲ್ಲೇ ಇದ್ದಾರೆ. 2017 ಮತ್ತು 2021ರಲ್ಲಿ ಅದೇ ರಾಷ್ಟ್ರೀಯ ಟೂರ್ನಮೆಂಟಿನ ಫೈನಲ್ ಆಡಿಸಿದರು. ನಮ್ಮ ಇಂಡಿಯಾನಾದ ಬ್ರ್ಯಾಡ್ ಸ್ಟೀವನ್ಸ್ ಇನ್ನೊಂದು ಉದಾಹರಣೆ. ಅವರು ಓದಿ ಆಡಿದ್ದು ಗ್ರೀನ್‌ಕ್ಯಾಸಲ್ ಅನ್ನುವ ಪುಟ್ಟ ಊರಿನ ಡಿಪಾ ಯೂನಿವರ್ಸಿಟಿಯಲ್ಲಿ, ಅದೂ ಡಿವಿಜನ್ 3. ಆಮೇಲೆ ಎಲಿ ಲಿಲ್ಲಿ ಔಷಧ ಕಂಪನಿಯ ಕೆಲಸ ಬಿಟ್ಟು ಇಂಡಿಯಾನಾಪೊಲಿಸ್‌ನ ಬಟ್ಲರ್‌ಗೆ ಸಂಬಳವಿಲ್ಲದೆ ಸೇರಿಕೊಂಡರು. 2007ರಲ್ಲಿ, 30ನೇ ವಯಸ್ಸಿಗೆ ಹೆಡ್ ಕೋಚ್. 2010, 2011 ಎರಡೂ ವರ್ಷ ಬಟ್ಲರ್ ಫೈನಲ್‌ಗೆ ಹೋಯಿತು. ಮೇಲಿನ ಜಾಗ ಖಾಲಿಯಾದಾಗ ಕೆಳಗಿನವರ ಕಡೆ ನೋಡುವ ಅಭ್ಯಾಸ ಬಟ್ಲರ್‌ಗೆ ಮೊದಲಿನಿಂದಲೂ ಇತ್ತು. ಅಸಿಸ್ಟೆಂಟ್‌ಗಳಿಗೆ ಇದಕ್ಕಿಂತ ದೊಡ್ಡ ಆಸೆ ಇನ್ನೇನು?

ನಿಮಗೆ ಕರೆ ಬಂದಿರುವುದು ಡಿವಿಜನ್ 1 ಅಲ್ಲ ನಿಜ. ಡಿವಿಜನ್ 3ರಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ಪೇ ಇಲ್ಲ. ಅದೇ ಅಲ್ಲಿನ ಸೊಗಸು ಅಂತ ನಮ್ಮ ಕೋಚ್ ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ಡಿವಿಜನ್ 1ರಲ್ಲಿ 2021ರಿಂದ ಆಟಗಾರರು ಒಂದು ವರ್ಷ ಸುಮ್ನೆ ಕೂರದೆ ಕಾಲೇಜು ಬದಲಿಸಬಹುದು. 2025ರ ಜುಲೈಯಿಂದ ದೊಡ್ಡ ಯೂನಿವರ್ಸಿಟಿಗಳು ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು. ಮೊದಲ ವರ್ಷದ ಮಿತಿಯೇ ಒಂದು ಯೂನಿವರ್ಸಿಟಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್. ಅಲ್ಲಿ ಸಣ್ಣ ಟೀಮಿನ ಕೋಚ್ ಬೆಳೆಸಿದ ಹುಡುಗ ಮುಂದಿನ ವರ್ಷ ಇರುತ್ತಾನೆ ಅನ್ನುವ ಖಾತ್ರಿ ಇಲ್ಲ. 2022ರಲ್ಲಿ ಜೆರ್ಸಿ ಸಿಟಿಯ ಸೇಂಟ್ ಪೀಟರ್ಸ್ ಯೂನಿವರ್ಸಿಟಿ ಕೆಂಟಕಿಯನ್ನೂ ಪರ್ಡ್ಯೂವನ್ನೂ ಸೋಲಿಸಿ ರಾಷ್ಟ್ರೀಯ ಟೂರ್ನಮೆಂಟಿನ ಕೊನೆಯ ಎಂಟಕ್ಕೆ ಬಂತು. ದೇಶವೇ ಕುಣಿಯಿತು. ಅದಾದ ಕೂಡಲೇ ಕೋಚ್ ಶಹೀನ್ ಹಾಲೊವೇ ತಾನು ಓದಿದ ಸೀಟನ್ ಹಾಲ್ ಯೂನಿವರ್ಸಿಟಿಗೆ ಹೋದರು, ಆ ಟೀಮಿನ ಮುಖ್ಯ ಆಟಗಾರರೂ ಬೇರೆ ಬೇರೆ ಕಡೆ ಹೋದರು. ನಾನು ಅವರನ್ನು ದೂರುವುದಿಲ್ಲ. ಅವರವರ ಬದುಕು. ಡಿವಿಜನ್ 3ರಲ್ಲಿ ಈ ಓಡಾಟ ಕಡಿಮೆ. 18ನೇ ವಯಸ್ಸಿಗೆ ಬಂದ ಹುಡುಗನನ್ನು ನಾಲ್ಕು ವರ್ಷ ಕೈಹಿಡಿದು ಕಲಿಸಬಹುದು. ಕಲಿಸುವುದೇ ಇಷ್ಟ ಅನ್ನುವ ಕೋಚ್‌ಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಹಾಗಂತ ಕೆಳಗಿನವರು ಕೆಳಗೇ ಉಳಿಯುತ್ತಾರೆ ಅಂತಲೂ ಅಲ್ಲ. ಮಿಸೌರಿಯ ಮೇರಿವಿಲ್ ಅನ್ನುವ ಸಣ್ಣ ಊರಿನ ನಾರ್ತ್‌ವೆಸ್ಟ್ ಮಿಸೌರಿ ಸ್ಟೇಟ್, ಡಿವಿಜನ್ 2. ಬೆನ್ ಮೆಕಾಲಮ್ ಅಲ್ಲಿ 15 ವರ್ಷ ಇದ್ದು ನಾಲ್ಕು ಸಲ ರಾಷ್ಟ್ರೀಯ ಚಾಂಪಿಯನ್‌ಶಿಪ್ ಗೆದ್ದರು. 2024ರಲ್ಲಿ ಐಯೋವಾದ ಡ್ರೇಕ್ ಯೂನಿವರ್ಸಿಟಿಗೆ ಹೋದಾಗ ತಮ್ಮ ನಾಲ್ವರು ಹುಡುಗರನ್ನು ಜೊತೆಗೇ ಕರೆದುಕೊಂಡು ಹೋದರು. ಡಿವಿಜನ್ 2ರ ಹುಡುಗರು ಇಲ್ಲಿ ಏನು ಆಡುತ್ತಾರೆ ಅಂದವರಿದ್ದರು. ಅದೇ ಸೀಸನ್‌ನಲ್ಲಿ 31 ಮ್ಯಾಚ್ ಗೆದ್ದರು. ಮರುವರ್ಷ ಐಯೋವಾ ಯೂನಿವರ್ಸಿಟಿ ಅವರನ್ನು ಕರೆಯಿತು.

ಈಗ ನನ್ನ ಮೇಜಿನ ಮೇಲೆ ಕಾಣುವ ವಿಷಯಕ್ಕೆ ಬರುತ್ತೇನೆ. ಯಾರೂ ಟಿವಿಯಲ್ಲಿ ಹೇಳದ ಒಂದು ಸಂಗತಿ ಅಂದರೆ ಮಕ್ಕಳ ಫೀಸು. ಬಹಳಷ್ಟು ಖಾಸಗಿ ಕಾಲೇಜುಗಳು ನೌಕರರ ಮಕ್ಕಳಿಗೆ ಫೀಸ್ ಪೂರ್ತಿ ಅಥವಾ ಬಹುಪಾಲು ಬಿಡುತ್ತವೆ. ಒಂದರ ನೌಕರರ ಮಕ್ಕಳು ಇನ್ನೊಂದರಲ್ಲಿ ಓದುವ ಏರ್ಪಾಡೂ ಇದೆ. ಮೂರು ಮಕ್ಕಳಿರುವ ಕೋಚ್‌ಗೆ ಇದರ ಬೆಲೆ ಎಷ್ಟು ಅಂತ ಲೆಕ್ಕ ಹಾಕಿ ನೋಡಿ. ಜಾಸ್ತಿ ಸಂಬಳದ ಕರೆ ಬಂದರೂ ಬೇಡ ಅಂದವರನ್ನು ನೋಡಿದ್ದೇನೆ. ಬೇಸಿಗೆಯಲ್ಲಿ ಕಾಲೇಜಿನ ಜಿಮ್‌ನಲ್ಲೇ ಮಕ್ಕಳ ಕ್ಯಾಂಪ್ ನಡೆಸಿ ಸ್ವಲ್ಪ ದುಡ್ಡು ಮಾಡಿಕೊಳ್ಳಲು ಬಿಡುವುದೂ ದೊಡ್ಡ ಆಕರ್ಷಣೆ.

ಅಡ್ಮಿಷನ್ ಆಫೀಸಿನ ಜೊತೆ ಹೊಂದಾಣಿಕೆಯಂತೂ ಜೀವಾಳ. ಕೋಚ್ ಹುಡುಕಿ ತಂದ ಹುಡುಗನಿಗೆ ಸೀಟು ಸಿಗುತ್ತದಾ, ಓದಿಗೆ ಎಷ್ಟು ಸಹಾಯಧನ ಬರುತ್ತದೆ ಅಂತ ವಾರದೊಳಗೆ ಹೇಳುವ ಆಫೀಸು ಇದ್ದರೆ ಕೋಚ್ ಅರ್ಧ ಗೆದ್ದ ಹಾಗೆ. ಇದಕ್ಕೆ ಇನ್ನೊಂದು ಮುಖ ಇದೆ, ಅದನ್ನು ಮುಚ್ಚಿಡುವುದಿಲ್ಲ. ಫೀಸಿನ ಮೇಲೇ ನಡೆಯುವ ಎಷ್ಟೋ ಸಣ್ಣ ಕಾಲೇಜುಗಳು ಪ್ರತಿ ಕೋಚ್‌ಗೂ ‘ಈ ವರ್ಷ ಇಷ್ಟು ಹುಡುಗರನ್ನು ಕರೆತರಬೇಕು’ ಅಂತ ಗುರಿ ಕೊಡುತ್ತವೆ. ಆಡಲು ಅವಕಾಶವೇ ಸಿಗದ ಹುಡುಗರೂ ಟೀಮಿನಲ್ಲಿ ತುಂಬಿಕೊಳ್ಳುತ್ತಾರೆ. ನಿಮ್ಮನ್ನು ಕರೆದಿರುವ ಟೀಮಿನಲ್ಲಿ ಎಷ್ಟು ಜನ ಇದ್ದಾರೆ ಅಂತ ಅವರ ವೆಬ್‌ಸೈಟಿನಲ್ಲಿ ಎಣಿಸಿ. ಮೂವತ್ತರ ಹತ್ತಿರ ಇದ್ದರೆ, ಯಾಕೆ ಅಂತ ಕೇಳಿ.

ಕಾಲೇಜಿನ ಹಣಕಾಸು ಸಹ ನೋಡಲೇಬೇಕು. ಐಯೋವಾ ವೆಸ್ಲಿಯನ್ 2023ರಲ್ಲಿ ಮುಚ್ಚಿತು. ಅಲಬಾಮಾದ ಬರ್ಮಿಂಗ್‌ಹ್ಯಾಮ್-ಸದರ್ನ್ 2024ರ ಮೇ 31ಕ್ಕೆ ಬಾಗಿಲು ಹಾಕಿತು. ಅವತ್ತು ಅವರ ಬೇಸ್‌ಬಾಲ್ ಹುಡುಗರು ಇನ್ನೂ ಡಿವಿಜನ್ 3 ಚಾಂಪಿಯನ್‌ಶಿಪ್ ಆಡುತ್ತಿದ್ದರು. ಆ ಸುದ್ದಿ ಓದಿದ ದಿನ ನಮ್ಮ ಆಫೀಸಿನಲ್ಲಿ ಯಾರಿಗೂ ಊಟ ಸೇರಲಿಲ್ಲ. ವೀಸಾ ಮೇಲೆ ಇರುವವರಿಗೆ ಕಾಲೇಜು ಮುಚ್ಚುವುದು ಅಂದರೆ ಕಾಲ ಕೆಳಗಿನ ನೆಲವೇ ಹೋದ ಹಾಗೆ. ವಿದ್ಯಾರ್ಥಿಗಳ ಸಂಖ್ಯೆ ಐದು ವರ್ಷದಲ್ಲಿ ಏರಿದೆಯಾ ಇಳಿದಿದೆಯಾ, ಹೋದ ವರ್ಷ ಯಾವುದಾದರೂ ವಿಭಾಗ ಮುಚ್ಚಿದ್ದಾರಾ, ವಿಚಾರಿಸಿ. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ವೀಸಾ ಬಗ್ಗೆ ಎರಡು ಮಾತು. ಎಫ್-1 ವಿದ್ಯಾರ್ಥಿ ವೀಸಾ ಇರುವಾಗ ತರಗತಿ ನಡೆಯುವ ಸಮಯದಲ್ಲಿ ಕ್ಯಾಂಪಸ್ ಕೆಲಸ ವಾರಕ್ಕೆ 20 ಗಂಟೆ ಮಾತ್ರ. ಕೋಚಿಂಗ್ ಅಂದರೆ ಗಂಟೆ ಗೊತ್ತಾಗದೆ ಓಡುತ್ತದೆ. ಹೆಡ್ ಕೋಚ್‌ಗೆ ಮೊದಲ ದಿನವೇ ಸ್ಪಷ್ಟವಾಗಿ ಹೇಳಿ. ಆಮೇಲೆ ಬೇಸಿಗೆ ಕ್ಯಾಂಪ್ ಕೋಚ್‌ನ ಸ್ವಂತ ಕಂಪನಿಯದ್ದಾದರೆ, ಇಂಟರ್‌ನ್ಯಾಷನಲ್ ಆಫೀಸಿನ ಅನುಮತಿ ಇಲ್ಲದೆ ಅಲ್ಲಿ ಕೆಲಸವನ್ನೇ ಮಾಡಬೇಡಿ. ಒಳ್ಳೆಯ ಸುದ್ದಿಯೂ ಇದೆ. ಕಾಲೇಜುಗಳು ಎಚ್-1ಬಿ ಅನ್ನುವ ಕೆಲಸದ ವೀಸಾಗೆ ಅರ್ಜಿ ಹಾಕಿದರೆ ಅದು ಲಾಟರಿಗೆ ಹೋಗುವುದಿಲ್ಲ. ಕೋಚ್ ಕೆಲಸಕ್ಕೆ ಅದನ್ನು ಪಡೆಯುವುದು ಸುಲಭವಲ್ಲ, ಆ ಕೆಲಸಕ್ಕೆ ಇಂಥದ್ದೇ ಡಿಗ್ರಿ ಬೇಕು ಅಂತ ತೋರಿಸಬೇಕು. ನಿಯಮಗಳೂ ಬದಲಾಗುತ್ತಿರುತ್ತವೆ. ಲಾಯರ್ ಹತ್ತಿರ ಕೇಳದೆ ಹೆಜ್ಜೆ ಇಡಬೇಡಿ.

ಇನ್ನು ದಿನನಿತ್ಯದ ಬದುಕು. ನಮ್ಮ ಗ್ರಾಜುಯೇಟ್ ಅಸಿಸ್ಟೆಂಟ್ ಹುಡುಗನ ಒಂದು ಶನಿವಾರ ಹೇಳುತ್ತೇನೆ. ಹೊರಊರಿನ ಮ್ಯಾಚ್ ಮುಗಿಸಿ ಬಸ್ಸು ಕ್ಯಾಂಪಸ್‌ಗೆ ಬರುವಾಗ ರಾತ್ರಿ ಒಂದು ಗಂಟೆ, ಹೊರಗೆ ಹಿಮ. ಆಟಗಾರರು ರೂಮಿಗೆ ಹೋಗುತ್ತಾರೆ. ಇವನು ಬೆವರಿನ ಯೂನಿಫಾರ್ಮ್‌ಗಳನ್ನು ಮೆಷಿನ್‌ಗೆ ಹಾಕಿ, ಅದರ ಪಕ್ಕದಲ್ಲೇ ಕೂತು ಹಡಲ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಆವತ್ತಿನ ಮ್ಯಾಚ್‌ನ ವಿಡಿಯೋ ತುಂಡು ತುಂಡು ಮಾಡುತ್ತಾನೆ. ಡಿಫೆನ್ಸ್ ಒಂದು ಕಡೆ, ಔಟ್‌ಲೆಟ್ ಪಾಸ್ (ರಿಬೌಂಡ್ ಹಿಡಿದ ಕೂಡಲೇ ಎಸೆಯುವ ಮೊದಲ ಪಾಸ್) ಒಂದು ಕಡೆ. ಭಾನುವಾರ ಮಧ್ಯಾಹ್ನ ಹೆಡ್ ಕೋಚ್ ಜೊತೆ ಕೂತು ಅದನ್ನೇ ನೋಡುತ್ತಾರೆ. ‘ನೀನಾಗಿದ್ದರೆ ಏನು ಮಾಡ್ತಿದ್ದೆ?’ ಅಂತ ಕೋಚ್ ಇವನನ್ನು ಕೇಳುತ್ತಾರೆ. ದೊಡ್ಡ ಯೂನಿವರ್ಸಿಟಿಯಲ್ಲಿ ಹತ್ತಾರು ಮ್ಯಾನೇಜರ್‌ಗಳಲ್ಲಿ ಒಬ್ಬರಾಗಿ ನೀರಿನ ಬಾಟಲಿ ತುಂಬುವಾಗ ಈ ಪ್ರಶ್ನೆಯನ್ನು ನಿಮಗೆ ಯಾರೂ ಕೇಳುವುದಿಲ್ಲ. ಬಟ್ಟೆ ಒಗೆಯುವುದು ಎರಡೂ ಕಡೆ ಇದೆ ಅಲ್ವಾ?

ಊಟ ಅಂದರೆ, ಬಸ್ಸಿನಲ್ಲಿ ಪಿಜ್ಜಾ ಇಲ್ಲವೇ ಸ್ಯಾಂಡ್‌ವಿಚ್. ಇಂಡಿಯನ್ ಅಂಗಡಿ ಒಂದು ಗಂಟೆ ದಾರಿ. ಸೋನಾ ಮಸೂರಿ, ತೊಗರಿಬೇಳೆ, ಸಾರಿನ ಪುಡಿ ತಿಂಗಳಿಗೆ ಒಂದೇ ಸಲ ತಂದಿಟ್ಟುಕೊಳ್ಳಿ. ಹಳೆಯದಾದರೂ ಪರವಾಗಿಲ್ಲ, ಒಂದು ಕಾರು ಬೇಕೇ ಬೇಕು. ಒಂಟಿತನ ಕಾಡುತ್ತದೆ, ಅದರಲ್ಲೂ ಜನವರಿಯಲ್ಲಿ. ಆದರೆ ಸಣ್ಣ ಊರಿನವರು ಟೀಮಿನವರನ್ನು ತಮ್ಮ ಮನೆಯವರ ಹಾಗೆ ನೋಡಿಕೊಳ್ಳುತ್ತಾರೆ. ಥ್ಯಾಂಕ್ಸ್‌ಗಿವಿಂಗ್ ದಿನ ನಿಮ್ಮನ್ನು ಒಬ್ಬರೇ ಇರಲು ಬಿಡುವುದಿಲ್ಲ. ನೀವು ಮೊದಲಿಗರೂ ಅಲ್ಲ. ನಮ್ಮ ಬೆಂಗಳೂರಿನ ಸಂಜನಾ ರಮೇಶ್ ಅರಿಜೋನಾದ ಬೆಟ್ಟದೂರು ಫ್ಲ್ಯಾಗ್‌ಸ್ಟಾಫ್‌ಗೆ ಬಂದು ನಾರ್ದರ್ನ್ ಅರಿಜೋನಾ ಯೂನಿವರ್ಸಿಟಿ ಟೀಮಿಗೆ ಆಡಿದ್ದಾರೆ.

ನನ್ನ ಅಭಿಪ್ರಾಯ ಕೇಳಿದರೆ, ಕೋಚಿಂಗೇ ನಿಮ್ಮ ಬದುಕು ಅಂತ ಗಟ್ಟಿ ಮಾಡಿಕೊಂಡಿದ್ದರೆ ಸಣ್ಣ ಕಾಲೇಜಿಗೇ ಹೋಗಿ. ಹೂಂ ಅನ್ನುವ ಮೊದಲು ಈ ಹಿಂದೆ ಅಲ್ಲಿ ಗ್ರಾಜುಯೇಟ್ ಅಸಿಸ್ಟೆಂಟ್ ಆಗಿದ್ದ ಇಬ್ಬರ ನಂಬರ್ ಕೇಳಿ ಫೋನ್ ಮಾಡಿ. ಅವರು ಈಗ ಎಲ್ಲಿದ್ದಾರೆ, ಹೆಡ್ ಕೋಚ್ ಅವರಿಗಾಗಿ ಯಾರಿಗಾದರೂ ಫೋನ್ ಮಾಡಿ ಕೆಲಸ ಕೊಡಿಸಿದರಾ ಅಂತ ತಿಳಿದುಕೊಳ್ಳಿ. ನಂಬರ್ ಕೊಡಲು ಹಿಂದೆ ಮುಂದೆ ನೋಡಿದರೆ ಆ ಕಾಲೇಜು ಬೇಡ. ಫೀಸ್ ಪೂರ್ತಿ ಬಿಡುತ್ತಾರಾ, ಹೆಲ್ತ್ ಇನ್ಶೂರೆನ್ಸ್ ಯಾರು ಕಟ್ಟುತ್ತಾರೆ, ಬೇಸಿಗೆಯಲ್ಲಿ ರೂಮ್ ಇರುತ್ತದಾ, ಈ ಮೂರನ್ನೂ ಆಫರ್ ಲೆಟರ್‌ನಲ್ಲಿ ಬರೆಸಿಕೊಳ್ಳಿ. ಲೆಟರ್ ಬಂದ ಮೇಲೆ ನನಗೆ ಕಳಿಸಿ, ಲೆಕ್ಕದ ಭಾಗ ನಾನು ನೋಡಿಕೊಡುತ್ತೇನೆ.