ಮಾಂಜಾಕ್ಕೆ ಸಿಕ್ಕಿದ ಹದ್ದನ್ನು ಹಿಡಿಯೋದು ಹೇಗೆ?

ಬೆಂಗಳೂರಿನ ನಿಮ್ಮ ಮನೆ ಟೆರೇಸಿಗೆ ಹದ್ದು ಬಿದ್ದಿದೆ, ರೆಕ್ಕೆಗೆ ಮಾಂಜಾ (ಗಾಜಿನ ಪುಡಿ ಹಚ್ಚಿದ ಗಾಳಿಪಟದ ದಾರ) ಸುತ್ತಿಕೊಂಡಿದೆ, ದಪ್ಪ ಗ್ಲೌಸ್ ಹಾಕಿ ಹಿಡಿದರೆ ಸಾಕಾ ಅಂತ ಕೇಳಿದ್ದೀರಿ. ಗಾಯಗೊಂಡ ಹಕ್ಕಿಗಳ ಆರೈಕೆಗೆ ನಾನೂ ಕೈಜೋಡಿಸುತ್ತೇನೆ. ನನ್ನ ಕೇಳಿದರೆ ಗ್ಲೌಸ್‌ಗಿಂತ ಹಳೇ ಟವೆಲ್ಲೇ ವಾಸಿ. ದಪ್ಪ ಗ್ಲೌಸ್ ಹಾಕಿದರೆ ಎಷ್ಟು ಬಿಗಿಯಾಗಿ ಹಿಡಿದಿದ್ದೇವೆ ಅನ್ನೋದೇ ಕೈಗೆ ಗೊತ್ತಾಗುವುದಿಲ್ಲ.

ಹಕ್ಕಿಗಳಿಗೆ ನಮ್ಮ ಹಾಗೆ ವಪೆ, ಅಂದರೆ ಎದೆ-ಹೊಟ್ಟೆ ನಡುವೆ ಉಸಿರಾಟ ನಡೆಸುವ ಸ್ನಾಯುವಿನ ಪರದೆ, ಇಲ್ಲ. ಎದೆಮೂಳೆ ಅಲ್ಲಾಡಿದರೇನೇ ಉಸಿರು. ಎದೆ ಅಮುಕಿದರೆ, ಬಾಯಿ ತೆರೆದೇ ಇದ್ದರೂ ಉಸಿರುಕಟ್ಟಿ ಸತ್ತುಹೋಗುತ್ತದೆ.

ಹಿಂದಿನಿಂದ ಹೋಗಿ, ತಲೆಯೂ ಮುಚ್ಚುವಂತೆ ಟವೆಲ್ ಹಾಕಿ. ಕತ್ತಲಾದರೆ ಎಷ್ಟೋ ಶಾಂತವಾಗುತ್ತದೆ. ಎರಡೂ ರೆಕ್ಕೆಗಳನ್ನು ಮೈಗೆ ಒತ್ತಿ ಹಿಡಿದು, ಆಮೇಲೆ ಕೈ ಕೆಳಗೆ ಜಾರಿಸಿ ಕಾಲು ಹಿಡಿಯಿರಿ. ಎಲ್ಲರೂ ಕೊಕ್ಕಿಗೆ ಹೆದರುತ್ತಾರೆ. ಹದ್ದಿನ ನಿಜವಾದ ಆಯುಧ ಉಗುರು. ಅಕಸ್ಮಾತ್ ಕೈ ಹಿಡಿದುಬಿಟ್ಟರೆ ಎಳೆದುಕೊಳ್ಳಬೇಡಿ, ಇನ್ನೂ ಆಳಕ್ಕೆ ಇಳಿಯುತ್ತದೆ. ಅದರ ಕಾಲು ಮಡಚಿದಷ್ಟೂ ಬೆರಳು ಬಿಗಿಯಾಗುತ್ತವೆ. ಹಾಗಾಗಿ ಕಾಲನ್ನು ಮೆಲ್ಲಗೆ ನೇರ ಮಾಡಿ, ಹಿಡಿತ ಸಡಿಲವಾಗುತ್ತದೆ.

ಮಾಂಜಾ ಮಾತ್ರ ಬಿಡಿಸಲು ಹೋಗಬೇಡಿ. ಎಳೆದರೆ ಚರ್ಮ, ಸ್ನಾಯು ಎಲ್ಲ ಕೊಯ್ದುಕೊಂಡು ಹೋಗುತ್ತದೆ. ನೇತಾಡುವ ದಾರವನ್ನಷ್ಟೇ ಕತ್ತರಿಸಿ, ರೆಕ್ಕೆಯಲ್ಲಿರುವುದನ್ನು ಡಾಕ್ಟರಿಗೆ ಬಿಡಿ.

ಇದೇ ರೀತಿ ಎಲ್ಲ ಹಕ್ಕಿಗೂ ನಡೆಯಲ್ಲ. ಬೆಳ್ಳಕ್ಕಿ ಸಿಕ್ಕರೆ ಮೊದಲು ತಲೆ ಹಿಡಿಯಬೇಕು, ಕೊಕ್ಕಿನಿಂದ ಸೀದಾ ಕಣ್ಣಿಗೇ ತಿವಿಯುತ್ತದೆ. ಕನ್ನಡಕ ಇರಲಿ. ನೀರುಕಾಗೆಯ ಕೊಕ್ಕನ್ನಂತೂ ಪೂರ್ತಿ ಮುಚ್ಚಿ ಹಿಡಿಯಲೇಬಾರದು. ಅದರ ಮೂಗಿನ ಹೊಳ್ಳೆ ಮುಚ್ಚಿರುತ್ತವೆ, ಉಸಿರಾಡೋದು ಬಾಯಿಂದಲೇ.

ಹಿಡಿದ ಮೇಲೆ ಕೈಯಲ್ಲಿ ಇಟ್ಟುಕೊಂಡು ನೋಡುತ್ತಾ ನಿಲ್ಲಬೇಡಿ, ಫೋಟೋ ಬೇಡವೇ ಬೇಡ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ತಕ್ಷಣ ಡಬ್ಬಕ್ಕೆ ಇಳಿಸಿ. ತೂತು ಮಾಡಿದ ರಟ್ಟಿನ ಡಬ್ಬ, ಕೆಳಗೆ ಒಂದು ಬಟ್ಟೆ, ಅಷ್ಟು ಸಾಕು. ತಂತಿ ಪಂಜರದಲ್ಲಿ ಗರಿ ಮುರಿಯುತ್ತವೆ. ಪಾಪ ಅಂತ ಬಾಯಿಗೆ ನೀರು ಬಿಡಬೇಡಿ. ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇದೆ, ನೀರು ನೇರ ಅಲ್ಲಿಗೇ ಇಳಿಯಬಹುದು.

ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್‌ನವರ ವನ್ಯಜೀವಿ ಆಸ್ಪತ್ರೆ ಇದೆ, ಮೊದಲು ಅವರಿಗೆ ಫೋನ್ ಮಾಡಿ. ಅವರು ಸಿಗುವವರೆಗೆ ಡಬ್ಬವನ್ನು ನಾಯಿ, ಮಕ್ಕಳು, ಟಿವಿ ಇಲ್ಲದ ಕೋಣೆಯಲ್ಲಿಡಿ. ಆಗಾಗ ಮುಚ್ಚಳ ತೆಗೆದು ಇಣುಕಬೇಡಿ.