ಅವನು ನಕ್ಕಾಗಲೇ ನನಗೆ ಸಿಟ್ಟು ಬರೋದು

ಇದು ಅಪರೂಪದ ಪ್ರಕರಣ ಅಂತ ಬರೆಯುತ್ತಿಲ್ಲ. ಒಂದರಿಂದ ಮೂರು ವರ್ಷದೊಳಗಿನ ಮಗು ಇರುವ ಮನೆಗಳಿಂದ ನನ್ನ ಹತ್ತಿರ ಆಪ್ತಸಲಹೆಗೆ ಬರುವ ಅಮ್ಮಂದಿರು ಹೆಚ್ಚುಕಡಿಮೆ ಇದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಹೇಳುತ್ತಾರೆ. ನಾನು ಅದನ್ನು ತುಂಬಾ ದಿನ ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ಈಗ ಹೇಳಹೊರಟಿರುವ ತಾಯಿಯ ವಿಷಯದಲ್ಲೂ ಮೊದಲ ಎರಡು ಭೇಟಿಗಳನ್ನು ನಾನೇ ಹಾಳು ಮಾಡಿದೆ. ಅದನ್ನೂ ಬರೆಯುತ್ತೇನೆ.

ಅವರನ್ನು ಲತಾ ಅಂತ ಕರೆಯೋಣ. ಹೆಸರು ಮತ್ತು ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬರೆಯೋಕೆ ಅವರ ಒಪ್ಪಿಗೆ ಇದೆ. ವಯಸ್ಸು ಮೂವತ್ತರ ಆಸುಪಾಸು, 20 ತಿಂಗಳ ಮಗ. ಗಂಡ ಬೆಳಗ್ಗೆ ಹೋದರೆ ರಾತ್ರಿ ಬರುವವರು. ಅತ್ತೆ ಆಗಾಗ ಬಂದು ಹೋಗುತ್ತಾರೆ. ಲತಾ ಕೆಲಸ ಬಿಟ್ಟು ಮನೆಯಲ್ಲಿದ್ದರು. ಇಷ್ಟು ಸಾಕು.

ಅವರು ಬಂದದ್ದು ಒಂದು ಏಟಿನ ಕಾರಣಕ್ಕೆ. ಮಗ ಬಟ್ಟಲು ಎಸೆದಿದ್ದ, ಇವರು ಅವನ ಕೈಗೆ ಹೊಡೆದಿದ್ದರು. ಬೆರಳಿನ ಗುರುತು ಮೂಡುವಷ್ಟು. ಅರ್ಧ ಗಂಟೆಯಲ್ಲಿ ಗುರುತು ಮಾಯವಾಯಿತು, ಆದರೆ ಆ ಅರ್ಧ ಗಂಟೆಯೂ ಅವರು ಅದನ್ನೇ ನೋಡುತ್ತಾ ಕೂತಿದ್ದರಂತೆ. "ಕೆಟ್ಟ ತಾಯಿ ಅಂತ ಬರ್ಕೊಳ್ಳಿ ಮೇಡಂ" ಅಂತಲೇ ಮಾತು ಶುರು ಮಾಡಿದರು.

ಮೊದಲು ಕೇಳಬೇಕಾದ್ದನ್ನು ಕೇಳಿದೆ. ನಿದ್ದೆ ಹೇಗಿದೆ, ಊಟ ಸೇರುತ್ತಾ, ಮೊದಲು ಇಷ್ಟವಾಗುತ್ತಿದ್ದದ್ದು ಈಗಲೂ ಇಷ್ಟವಾಗುತ್ತಾ, ತನಗೋ ಮಗುವಿಗೋ ಏನಾದರೂ ಮಾಡಿಬಿಡುವ ಯೋಚನೆ ಬಂದಿದೆಯಾ. ಎರಡು ವಾರಕ್ಕಿಂತ ಜಾಸ್ತಿ ಮನಸ್ಸು ಕುಗ್ಗಿಯೇ ಇದ್ದರೆ, ಅಥವಾ ಆ ಕೊನೆಯ ಯೋಚನೆ ಒಂದೇ ಸಲ ಬಂದಿದ್ದರೂ, ನಾನು ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ಅಲ್ಲಿ ಮಾತಾಡುತ್ತಾ ದಿನ ತಳ್ಳಬಾರದು. ಲತಾಗೆ ಅದೇನೂ ಇರಲಿಲ್ಲ. ಸುಸ್ತಿತ್ತು. ರಾತ್ರಿ ಎರಡು ಸಲ ಏಳುವ ಮಗು, ಬೆಳಗ್ಗೆ ಐದೂವರೆಗೆ ಶುರುವಾಗುವ ದಿನ.

ಸುಸ್ತು ಅಂತ ಗೊತ್ತಾದ ಮೇಲೆ ನಾನು ಮಾಡಿದ್ದು ನಮ್ಮ ವೃತ್ತಿಯಲ್ಲಿ ಎಲ್ಲರೂ ಮಾಡುವುದನ್ನೇ. ದಿನಕ್ಕೊಂದು ವೇಳಾಪಟ್ಟಿ ಹಾಕಿಕೊಳ್ಳಿ ಅಂದೆ. ಸಿಟ್ಟು ಬಂದಾಗ ಹತ್ತರವರೆಗೆ ಎಣಿಸಿ ಅಂದೆ. ಮುಂದಿನ ವಾರ ಅವರು ಗೆರೆ ಎಳೆದು, ಬಣ್ಣದ ಪೆನ್ನಿನಲ್ಲಿ ಬರೆದ ವೇಳಾಪಟ್ಟಿ ತಂದು ಮೇಜಿನ ಮೇಲಿಟ್ಟು ಅತ್ತರು. ಏಳು ದಿನದಲ್ಲಿ ಒಂದು ದಿನವೂ ಅದು ಬೆಳಗ್ಗೆ ಒಂಬತ್ತೂವರೆ ದಾಟಿರಲಿಲ್ಲ. "ಹತ್ತು ಎಣಿಸೋಕೆ ಹೋದೆ ಮೇಡಂ. ನಾಲ್ಕಕ್ಕೇ ಅವನು ಸ್ಟೂಲ್ ಹತ್ತಿದ್ದ." ನನಗೆ ನಗು ಬಂತು, ತಡೆದುಕೊಂಡೆ. ತಡೆದುಕೊಂಡದ್ದು ಒಳ್ಳೆಯದೇ ಆಯಿತು ಅಂತ ಆಮೇಲೆ ಗೊತ್ತಾಯಿತು.

ಅದೇ ಭೇಟಿಯಲ್ಲಿ ಇನ್ನೊಂದು ತಪ್ಪೊಪ್ಪಿಗೆಯೂ ಬಂತು. ಸ್ನಾನ ಮಾಡಲು ದಿನಾ ಇಪ್ಪತ್ತು ನಿಮಿಷ ಮಗನ ಕೈಗೆ ಮೊಬೈಲ್ ಕೊಡುತ್ತಾರಂತೆ. ಕಳ್ಳತನ ಮಾಡಿದವರ ಹಾಗೆ ದನಿ ತಗ್ಗಿಸಿ ಹೇಳಿದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಮಾರ್ಗಸೂಚಿ ನನಗೂ ಗೊತ್ತು. ಒಂದು ವರ್ಷದ ಮಗುವನ್ನು ಕೂರಿಸಿ ಪರದೆ ತೋರಿಸುವುದು ಬೇಡ, ಎರಡು ವರ್ಷ ತುಂಬಿದ ಮೇಲೂ ದಿನಕ್ಕೆ ಒಂದು ಗಂಟೆ ಮೀರಬಾರದು ಅಂತ ಅದು ಹೇಳುತ್ತದೆ. ಆ ಸಲಹೆ ಸರಿಯಾಗಿಯೇ ಇದೆ, ನಾನೂ ಎಲ್ಲರಿಗೂ ಅದನ್ನೇ ಹೇಳುತ್ತೇನೆ. ಆದರೆ ಮನೆಯಲ್ಲಿ ಇನ್ನೊಬ್ಬರು ದೊಡ್ಡವರಿಲ್ಲದ ಹೊತ್ತಿನಲ್ಲಿ ಸ್ನಾನ ಹೇಗೆ ಮಾಡುವುದು ಅಂತ ಆ ಮಾರ್ಗಸೂಚಿಯಲ್ಲಿ ಬರೆದಿಲ್ಲ. ಮೊಬೈಲ್ ಬಿಡಿಸುವ ಮೊದಲು ಆ ಇಪ್ಪತ್ತು ನಿಮಿಷಕ್ಕೆ ಒಬ್ಬ ಮನುಷ್ಯರನ್ನು ಹುಡುಕಬೇಕು. ಇದನ್ನು ಅವತ್ತೇ ಹೇಳಬೇಕಿತ್ತು, ಹೇಳಲಿಲ್ಲ. "ಕಮ್ಮಿ ಮಾಡೋಕೆ ನೋಡಿ" ಅಂದುಬಿಟ್ಟೆ.

ಮೂರನೇ ಭೇಟಿಗೆ ಬರುವಾಗ ನನ್ನ ಹತ್ತಿರ ಹೊಸ ಉಪಾಯ ಏನೂ ಇರಲಿಲ್ಲ. ಹಾಗಾಗಿ ಸುಮ್ನೆ ಕೇಳಿದೆ, "ನಿನ್ನೆ ಬೆಳಗ್ಗೆ ಹತ್ತರಿಂದ ಹನ್ನೊಂದರವರೆಗೆ ಏನಾಯ್ತು ಹೇಳಿ. ಒಂದೂ ಬಿಡಬೇಡಿ."

"ಹೇಳೋಕೆ ಏನೂ ಇಲ್ಲ ಮೇಡಂ."

"ಆದ್ರೂ ಹೇಳಿ."

ಒಣಗಿದ ಬಟ್ಟೆ ಮಡಚಲು ಕೂತರಂತೆ. ಮಗ ಪಕ್ಕದಲ್ಲಿ ಕೂತು ಮಡಚಿದ್ದನ್ನು ಒಂದೊಂದಾಗಿ ಬಿಚ್ಚಿದ. ಅವನಿಗೆ ಬೇರೆ ಕರ್ಚೀಫು ಕೊಟ್ಟರು, ಅದು ಬೇಡ, ಇವರ ಕೈಯಲ್ಲಿರುವುದೇ ಬೇಕು. ಅಷ್ಟರಲ್ಲಿ ಅವನ ಚಡ್ಡಿ ಒದ್ದೆ. ಬದಲಿಸಲು ಹೋದರೆ ಬರಿಮೈಯಲ್ಲಿ ಓಟ. ಹಿಡಿದು ಹಾಕುವಾಗ ಬಾಗಿಲು ಬಡಿದ ಸದ್ದು. ತೆರೆಯಲು ಹೋದಾಗ ಅವನು ಚಪ್ಪಲಿ ಹಾಕಿಕೊಂಡು ಬಂದ, ಎರಡೂ ಅಪ್ಪನವು, ಹೊರಗೆ ಹೋಗಲೇಬೇಕು. ಹೋಗಲಿಲ್ಲ ಅಂತ ನೆಲದ ಮೇಲೆ ಬಿದ್ದು ಅತ್ತ. ಇವರು ಬಾತ್ರೂಮಿಗೆ ಹೋದರು, ಬಾಗಿಲು ತೆರೆದಿಟ್ಟುಕೊಂಡೇ. ಅವನು ಅಳು ನಿಲ್ಲಿಸಿ ಅಲ್ಲಿಗೂ ಬಂದು ಬಕೆಟ್ಟಿಗೆ ರಿಮೋಟ್ ಹಾಕಿದ. ರಿಮೋಟ್ ಒರೆಸಿ ಬ್ಯಾಟರಿ ತೆಗೆದಿಟ್ಟರು. ಬ್ಯಾಟರಿ ಅವನ ಕೈಗೆ ಸಿಗದ ಹಾಗೆ ಎಲ್ಲಿಡುವುದು ಅಂತ ನೋಡುವಾಗ ಮಡಚದೆ ಉಳಿದ ಬಟ್ಟೆಯ ಮೇಲೆ ಅವನು ಮಲಗಿದ್ದ. ಹಸಿವಿರಬೇಕು ಅಂತ ಊಟಕ್ಕೆ ಕೂರಿಸಿದರು. ಎರಡು ತುತ್ತು ತಿಂದ. ಚಮಚ ಕೆಳಗೆ ಹಾಕಿದ, ಎತ್ತಿಕೊಟ್ಟರು. ಮತ್ತೆ ಹಾಕಿದ, ಮತ್ತೆ ಎತ್ತಿಕೊಟ್ಟರು. ಮೂರನೇ ಸಲ ಬಟ್ಟಲೇ ಹೋಯಿತು.

"ಎಸೆದು ನನ್ನ ಮುಖ ನೋಡಿ ನಕ್ಕ," ಅಂದರು. ಅಲ್ಲಿಗೆ ನಿಲ್ಲಿಸಿದರು. ಸ್ವಲ್ಪ ಹೊತ್ತಾದ ಮೇಲೆ, "ಅವನು ಅತ್ತಾಗ ನನಗೆ ಸಿಟ್ಟು ಬರಲ್ಲ ಮೇಡಂ. ಎಷ್ಟು ಅತ್ರೂ ಎತ್ಕೊಳ್ತೀನಿ. ನಕ್ಕಾಗಲೇ ಸಿಟ್ಟು ಬರೋದು. ಅವತ್ತು ಹೊಡೆದಿದ್ದೂ ನಕ್ಕಿದ್ದಕ್ಕೇ."

ಎರಡು ಭೇಟಿಯಲ್ಲಿ ನಾನು ಬಟ್ಟಲಿನ ಬಗ್ಗೆ, ಊಟದ ಬಗ್ಗೆ, ನಿದ್ದೆಯ ಬಗ್ಗೆ ಕೇಳಿದ್ದೆ. ಬಟ್ಟಲಿಗೂ ಏಟಿಗೂ ನಡುವೆ ಒಂದು ನಗು ಇತ್ತು ಅಂತ ನನಗೆ ಹೊಳೆದಿರಲಿಲ್ಲ. ಅಲ್ಲೇ ಮಗುವಿನ ಬೆಳವಣಿಗೆಯ ಪಾಠ ಶುರು ಮಾಡಲು ಬಾಯಿ ತೆರೆದಿದ್ದೆ. ಯಾಕೋ ಮುಚ್ಚಿಕೊಂಡು ಕೇಳಿದೆ, "ಆ ನಗು ನಿಮಗೆ ಏನು ಹೇಳಿದ ಹಾಗಿತ್ತು?"

"ನಿನ್ನ ಕೈಲಿ ಏನಾಗುತ್ತೆ, ಅಂತ."

"ಮನೆಯಲ್ಲಿ ಹಾಗೆ ಬೇರೆ ಯಾರಾದ್ರೂ ನಗ್ತಾರಾ?"

ತುಂಬಾ ಹೊತ್ತು ಮಾತಿಲ್ಲ. ಆಮೇಲೆ ಹೇಳಿದರು. ಗಂಡ ರಾತ್ರಿ ಬಂದಾಗ ನೆಲದ ಮೇಲಿನ ಆಟದ ಸಾಮಾನು ದಾಟಿಕೊಂಡು ಒಳಗೆ ಬರುತ್ತಾ ನಗುತ್ತಾರೆ: "ಇಡೀ ದಿನ ಮನೇಲೇ ಇದ್ದು ಒಂದು ಮಗು ನೋಡ್ಕೊಳ್ಳೋಕೆ ಆಗಲ್ವಾ?" ಅವರು ಅದನ್ನು ತಮಾಷೆಗೇ ಹೇಳುವುದು, ಕೆಟ್ಟ ಮನುಷ್ಯರಲ್ಲ, ಲತಾ ಇದನ್ನು ಎರಡೆರಡು ಸಲ ಹೇಳಿದರು. ಅತ್ತೆಯೂ ನಗುತ್ತಾರೆ: "ನನ್ನ ಹತ್ರ ಎಷ್ಟು ಸುಮ್ನಿರ್ತಾನೆ ನೋಡು." ಇವರೂ ಜೊತೆಗೆ ನಗುತ್ತಾರೆ. ನಗದೆ ಏನು ಮಾಡುವುದು?

ದೊಡ್ಡವರ ಆ ನಗುವಿಗೆ ತಿರುಗಿ ಏನೂ ಹೇಳಲಾಗದೆ ಉಳಿದದ್ದೆಲ್ಲ ಬೆಳಗ್ಗೆ ಹನ್ನೊಂದಕ್ಕೆ ಚಿಕ್ಕವನ ನಗುವಿನ ಮೇಲೆ ಬಿತ್ತು. ನಾನು ಇದನ್ನು ಇಷ್ಟು ಚೆನ್ನಾಗಿ ಹೇಳಲಿಲ್ಲ, ಅವತ್ತು ತಡವರಿಸಿಕೊಂಡೇ ಹೇಳಿದೆ. ಅವರಿಗೆ ಅರ್ಥವಾಯಿತು.

ಮಗುವಿನ ನಗುವಿನ ಬಗ್ಗೆ ಆಮೇಲೆ ಮಾತಾಡಿದೆವು. ಓದುಗರಿಗೂ ಇದನ್ನು ಹೇಳಬೇಕು, ಯಾಕಂದ್ರೆ "ನನ್ನ ಮಗು ಬೇಕಂತಲೇ ಮಾಡುತ್ತೆ" ಅನ್ನುವ ದೂರು ನನಗೆ ಬಹಳ ಸಲ ಬರುತ್ತದೆ. ಬೇಕಂತಲೇ ಎಸೆಯುತ್ತದೆ, ಹೌದು. ಬೀಳುತ್ತಾ, ಸದ್ದಾಗುತ್ತಾ, ಅಮ್ಮ ಏನು ಮಾಡ್ತಾಳೆ, ಇವೆಲ್ಲ ಅದಕ್ಕೆ ನೋಡಬೇಕು. ನಿಮ್ಮನ್ನು ಅವಮಾನ ಮಾಡಬೇಕು ಅಂದುಕೊಳ್ಳಲು ನಿಮ್ಮ ಮನಸ್ಸಿನಲ್ಲಿ ಏನು ನಡೆಯುತ್ತದೆ ಅಂತ ಅದಕ್ಕೆ ಗೊತ್ತಿರಬೇಕು, 20 ತಿಂಗಳಿಗೆ ಅಷ್ಟು ಗೊತ್ತಿರುವುದಿಲ್ಲ. "ಬೇಡ" ಅನ್ನುವ ಮಾತು ಅರ್ಥವಾದರೂ ಕೈಯನ್ನು ತಡೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಹಾಗೆ ತಡೆಯಲು ನೆರವಾಗುವ ಮೆದುಳಿನ ಮುಂಭಾಗ ಪೂರ್ತಿ ಬೆಳೆಯುವುದು ಇಪ್ಪತ್ತು ವರ್ಷ ದಾಟಿದ ಮೇಲೆ.

ಮತ್ತೆ ಮುಖ ನೋಡುವುದು ಯಾಕೆ? 1985ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ನಾನು ಅಮ್ಮಂದಿರಿಗೆ ಆಗಾಗ ಹೇಳುತ್ತೇನೆ. ಗಾಜು ಹಾಸಿದ ಮೇಜು. ಗಾಜಿನ ಕೆಳಗೆ ಒಂದು ಕಡೆ ನೆಲ ತಟ್ಟನೆ ತಗ್ಗಾಗಿ ಕಾಣುತ್ತದೆ. ಒಂದು ವರ್ಷದ ಮಕ್ಕಳು ಅಂಬೆಗಾಲಿಟ್ಟು ಆ ಅಂಚಿಗೆ ಬಂದು, ದಾಟುವುದೋ ಬೇಡವೋ ತಿಳಿಯದೆ ಆಚೆ ಬದಿಯಲ್ಲಿ ನಿಂತ ಅಮ್ಮನ ಮುಖ ನೋಡುತ್ತವೆ. ಅಮ್ಮ ನಗುಮುಖ ಮಾಡಿದಾಗ 19 ಮಕ್ಕಳಲ್ಲಿ 14 ದಾಟಿ ಬಂದವು. ಹೆದರಿದ ಮುಖ ಮಾಡಿದಾಗ 17 ಮಕ್ಕಳಲ್ಲಿ ಒಂದೂ ದಾಟಲಿಲ್ಲ. ಅಮ್ಮ ಒಂದು ಮಾತೂ ಆಡಿರಲಿಲ್ಲ. ಬಟ್ಟಲು ಎಸೆದು ನಿಮ್ಮ ಮುಖ ನೋಡುವ ಮಗುವೂ ಅದೇ ಅಂಚಿನಲ್ಲಿದೆ. ಇದು ಆಟವಾ, ಅಪಾಯವಾ ಅಂತ ಕೇಳುತ್ತಿದೆ. ನಗುತ್ತಿದೆ ಅಂದರೆ ಇದು ಆಟವೇ ಆಗಿರಲಿ ಅಂತ ಆಸೆ ಪಡುತ್ತಿದೆ, ಅಷ್ಟೆ. ಆಗ ಸಪ್ಪೆ ಮುಖದಲ್ಲಿ "ಊಟ ಮುಗೀತು" ಅಂತ ಬಟ್ಟಲು ತೆಗೆದಿಟ್ಟರೆ ಸಾಕು. ದೊಡ್ಡ ದನಿ ಮಾಡಿದರೆ ಅದಕ್ಕೆ ಅದೂ ಒಂದು ಆಟವಾಗಬಹುದು.

ಇನ್ನು ನಾನು ಕೊಟ್ಟ ಸಲಹೆ. ಸಿಟ್ಟು ಕೈಗೆ ಇಳಿಯುತ್ತಿದೆ ಅನ್ನಿಸಿದಾಗ ಮಗುವನ್ನು ಬೀಳದ, ಏನೂ ಬಾಯಿಗೆ ಹಾಕಿಕೊಳ್ಳಲಾಗದ ಜಾಗದಲ್ಲಿ ಬಿಟ್ಟು ಎರಡು ನಿಮಿಷ ಪಕ್ಕದ ಕೋಣೆಗೆ ಹೋಗಿ. ಅಳಲಿ. ಎರಡು ನಿಮಿಷದ ಅಳುವಿನಿಂದ ಏನೂ ಆಗುವುದಿಲ್ಲ, ಏಟಿನಿಂದ ಆಗುತ್ತದೆ. ಹೊಡೆದದ್ದು ಸರಿಯಲ್ಲ, ಅದರಲ್ಲಿ ನನಗೆ ರಾಜಿ ಇಲ್ಲ, ಅವರಿಗೂ ಹಾಗೇ ಹೇಳಿದೆ. ಹಾಗಂತ ಅದನ್ನೇ ನೆನೆದು ಕೊರಗುವ ಬದಲು ಮಗುವಿನ ಹತ್ತಿರ ಹೋಗಿ ಕೈ ಹಿಡಿದು "ಅಮ್ಮ ಹೊಡೀಬಾರದಿತ್ತು" ಅನ್ನಿ, ಅದಕ್ಕೆ ಮಾತು ಅರ್ಥವಾಗದಿದ್ದರೂ ದನಿ ಅರ್ಥವಾಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ ಟ್ರಾನಿಕ್ ಅವರು 1970ರ ದಶಕದಿಂದ ತಾಯಿ ಮತ್ತು ಕೂಸಿನ ನಡುವಿನ ಒಡನಾಟ ನೋಡುತ್ತಾ ಬಂದವರು. ಚೆನ್ನಾಗಿಯೇ ಇರುವ ಜೋಡಿಗಳಲ್ಲೂ ಬಹುಪಾಲು ಹೊತ್ತು ತಾಳ ತಪ್ಪಿಯೇ ಇರುತ್ತದೆ, ತಪ್ಪಿದ್ದನ್ನು ಮತ್ತೆ ಕೂಡಿಸಿಕೊಳ್ಳುವುದರಲ್ಲೇ ಸಂಬಂಧ ಗಟ್ಟಿಯಾಗುತ್ತದೆ ಅನ್ನುವುದು ಅವರು ಕಂಡದ್ದು. ಲತಾಗೆ ಇದು ನಂಬಿಕೆಯಾಗಲು ಹೊತ್ತು ಹಿಡಿಯಿತು.

ಆದರೆ ನನ್ನ ಮುಖ್ಯ ಸಲಹೆ ಲತಾಗಲ್ಲ, ಗಂಡನಿಗೆ. ಮುಂದಿನ ಭೇಟಿಗೆ ಅವರನ್ನೂ ಕರೆಸಿದೆ. ಪ್ರತಿ ವಾರ ರಜೆಯ ದಿನ ಮೂರು ಗಂಟೆ ಮಗು ನಿಮ್ಮೊಬ್ಬರದೇ, ಲತಾ ಮನೆಯಲ್ಲಿ ಇರಬಾರದು ಅಂದೆ. ಊಟ ತಯಾರು ಮಾಡಿಟ್ಟು, ಬಟ್ಟೆ ತೆಗೆದಿಟ್ಟು ಹೋಗಬಾರದು. ನಿಮ್ಮ ತಾಯಿಯನ್ನು ಕರೆಸಿಕೊಳ್ಳಬಾರದು. ಮನೆ ಹೇಗಿತ್ತೋ ಹಾಗೇ ಇರಬೇಕು ಅವರು ವಾಪಸ್ ಬಂದಾಗ. ಗಂಡ ನಕ್ಕರು. "ಅಷ್ಟೇನಾ ಮೇಡಂ?"

ಇದನ್ನು ಕೇಳಿದ ಸಹೋದ್ಯೋಗಿಯೊಬ್ಬರು, ಇದು ಸಲಹೆಯಾ ಶಿಕ್ಷೆಯಾ ಅಂತ ಕೇಳಿದರು. ಆಪ್ತಸಲಹೆಗಾರರು ಯಾರ ಪಕ್ಷವನ್ನೂ ವಹಿಸಬಾರದು ಅಂದರು. ನಾನು ತುಂಬಾ ಯೋಚಿಸಿದ್ದೇನೆ ಇದರ ಬಗ್ಗೆ. ಹೆಂಗಸರಿಗೆ ಉಸಿರಾಟ, ಧ್ಯಾನ, ಡೈರಿ ಬರೆಯುವುದು ಹೇಳಿಕೊಟ್ಟು ಕಳಿಸುವುದೂ ಒಂದು ಪಕ್ಷವೇ ಅಲ್ವಾ? ಎರಡು ಕೈಯಲ್ಲಿ ಆಗದ ಕೆಲಸವನ್ನು ಅದೇ ಎರಡು ಕೈಯಲ್ಲಿ ಇನ್ನಷ್ಟು ಶಾಂತವಾಗಿ ಮಾಡಿ ಅಂದ ಹಾಗೆ. ಇನ್ನು ವಿವರಿಸಿ ಹೇಳಿದ್ದರೆ ಗಂಡನಿಗೆ ಅರ್ಥವಾಗುತ್ತಿರಲಿಲ್ಲವಾ ಅಂತ ಕೇಳುವವರಿಗೆ, ಲತಾ ಇಪ್ಪತ್ತು ತಿಂಗಳು ವಿವರಿಸಿದ್ದರು. ಹಿಂದಿನವರು ಐದೈದು ಮಕ್ಕಳನ್ನು ಸಾಕಿರಲಿಲ್ವಾ ಅನ್ನುವವರೂ ಇದ್ದಾರೆ. ಸಾಕಿದ್ದರು, ಆದರೆ ಎಷ್ಟೋ ಮನೆಗಳಲ್ಲಿ ಎತ್ತಿಕೊಳ್ಳಲು ಇನ್ನೊಂದು ಸೊಂಟ ಇತ್ತು. ಇಲ್ಲದ ಮನೆಗಳಲ್ಲಿ ಆ ತಾಯಂದಿರಿಗೆ ಏನಾಯಿತು ಅಂತ ಯಾರೂ ಕೇಳಿ ಬರೆದಿಡಲಿಲ್ಲ.

ಮೊದಲ ವಾರ ಇಪ್ಪತ್ತೈದನೇ ನಿಮಿಷಕ್ಕೆ ಗಂಡನ ಫೋನ್ ಬಂತಂತೆ, ಚಡ್ಡಿ ಎಲ್ಲಿದೆ ಅಂತ. ಎತ್ತಬೇಡಿ ಅಂದಿದ್ದೆ, ಲತಾ ಎತ್ತಿದರು. ಎರಡನೇ ವಾರ ಅತ್ತೆ "ಹೇಗೋ" ಬಂದಿದ್ದರು. ಮೂರನೇ ವಾರ ನಿಜವಾಗಿ ನಡೆಯಿತು. ಲತಾ ಗೆಳತಿಯ ಮನೆಗೆ ಹೋಗಿ ಮೂರು ಗಂಟೆ ನಿದ್ದೆ ಮಾಡಿದರು.

ಒಂದು ತಿಂಗಳ ನಂತರ ಇಬ್ಬರೂ ಬಂದರು. ಮಗ ಈಗಲೂ ಎಸೆಯುತ್ತಾನೆ, ರಾತ್ರಿ ಈಗಲೂ ಏಳುತ್ತಾನೆ. ಮತ್ತೆ ಹೊಡೆದಿಲ್ಲ. ಅತ್ತೆ ಈಗಲೂ ನಗುತ್ತಾರೆ, ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ. ಎದ್ದು ಹೊರಡುವಾಗ ಗಂಡ ನಿಂತು ಕೇಳಿದರು, "ಮೇಡಂ, ಒಂದು ಡೌಟು. ಬೇಡ ಅಂದಾಗಲೆಲ್ಲ ಅವನು ನನ್ನ ಮುಖ ನೋಡಿ ನಗ್ತಾನಲ್ಲ, ಅದು ಸಹಜಾನಾ?"

"ಸಹಜ. ಆಗ ನಿಮಗೆ ಏನನ್ನಿಸ್ತು?"

ಅವರು ಸ್ವಲ್ಪ ತಡೆದರು. "ಸಿಟ್ಟು ಬಂತು."

ಲತಾ ಗಂಡನ ಕಡೆ ನೋಡಲಿಲ್ಲ. ಬ್ಯಾಗಿನ ಜಿಪ್ ಎಲ್ಲೋ ಸಿಕ್ಕಿಕೊಂಡಿತ್ತು, ಅದನ್ನೇ ಎಳೆಯುತ್ತಿದ್ದರು. ಎಳೆದು ಮುಗಿಸಿ, "ಹಾಗಾದ್ರೆ ಈ ವಾರ ಅವನ ಉಗುರು ನೀವೇ ಕತ್ತರಿಸಿ," ಅಂದರು.