ಮೆಣಸಿಗೆ ಹೊಡೆದ ಬೋರ್ಡೋ ಆಂಥೂರಿಯಂಗೂ ಆಗುತ್ತಾ?

ಪ್ರಶ್ನೆ: ಕರಿಮೆಣಸಿಗೆ ಅಂತ ಮಾಡಿದ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ಔಷಧಿ) ಅರ್ಧ ಬ್ಯಾರಲ್ ಉಳೀತು, ಸುಮ್ನೆ ಯಾಕೆ ಚೆಲ್ಲೋದು ಅಂತ ಮಾರನೇ ದಿನ ಅಂಗಳದ ಆಂಥೂರಿಯಂ ಕುಂಡಗಳಿಗೂ ಹೊಡೆದ್ವಿ. ಈಗ ಎಲೆ ಅಂಚೆಲ್ಲ ಸುಟ್ಟ ಹಾಗಾಗಿದೆ. ಅಂಗಡಿಯವರು ಇದು ಕೊಳೆ, ಫೋಸೆಟೈಲ್ ಅಲ್ಯೂಮಿನಿಯಂ ಹೊಡೀರಿ ಅಂತ ಪುಡಿ ಕೊಟ್ಟಿದ್ದಾರೆ. ಹೊಡೀಲಾ?
– ಓದುಗರೊಬ್ಬರು, ಮಾದಾಪುರ

ಉತ್ತರ: ಬೇಡ ಅಮ್ಮ, ಆ ಪ್ಯಾಕೆಟ್ ಸದ್ಯಕ್ಕೆ ಮೇಲಿಡಿ. ನೀವು ಹೇಳೋದು ನೋಡಿದ್ರೆ ಇದು ರೋಗ ಅಲ್ಲ, ತಾಮ್ರದ ಸುಟ್ಟ ಗಾಯ. ಆಂಥೂರಿಯಂಗೆ ತಾಮ್ರ ಅಂದ್ರೆ ಆಗಿಬರಲ್ಲ. ಬೋರ್ಡೋದಲ್ಲಿ ಮೈಲುತುತ್ತದ ತಾಮ್ರವನ್ನ ಸುಣ್ಣ ಹಿಡಿದಿಟ್ಟಿರುತ್ತೆ, ಅದು ಚೂರುಚೂರೇ ಬಿಡೋದ್ರಿಂದ ಮೆಣಸಿನ ಎಲೆ ತಡ್ಕೊಳ್ಳುತ್ತೆ. ಫೋಸೆಟೈಲ್ ನೀರು ಹುಳಿ ಗುಣದ್ದು, ಎಲೆ ಮೇಲಿರೋ ತಾಮ್ರಕ್ಕೆ ಅದು ತಾಗಿದ್ರೆ ತಾಮ್ರ ಒಂದೇ ಸಲ ಕರಗಿ ಉಳಿದ ಹಸಿರೂ ಹೋಗುತ್ತೆ. ಹಾಗಂತ ಅದು ಕೆಟ್ಟ ಔಷಧಿ ಏನಲ್ಲ, ಗಿಡದೊಳಗೆ ಮೇಲಕ್ಕೂ ಕೆಳಕ್ಕೂ ಹರಿಯುತ್ತೆ, ಬೇರು ಕೊಳೆಸೋ ಫೈಟಾಫ್ತೊರಾ ಅನ್ನೋ ರೋಗಾಣುಗೆ ಚೆನ್ನಾಗಿ ಕೆಲಸ ಮಾಡುತ್ತೆ. ಈಗ ಅದರ ಹೊತ್ತಲ್ಲ ಅಷ್ಟೇ. ಎಲೆಗಳನ್ನ ಬರೀ ನೀರಲ್ಲಿ ತೊಳೆದು, ಪೂರ್ತಿ ಸುಟ್ಟಿದ್ದನ್ನ ಕತ್ತರಿಸಿ ನೆರಳಲ್ಲಿಡಿ. ಸುಟ್ಟ ಜಾಗ ಮತ್ತೆ ಹಸಿರಾಗಲ್ಲ, ಹೊಸ ಎಲೆ ಬರೋ ತನಕ ಕಾಯ್ಬೇಕು.

ಇನ್ನೊಂದು, ಬೋರ್ಡೋ ನಾಳೆಗೆ ಇಡೋ ಸಾಮಾನಲ್ಲ. ಮಾಡಿದ ದಿನವೇ ಹೊಡೀಬೇಕು, ರಾತ್ರಿ ಕಳೆದ್ರೆ ಅಂಟೋ ಗುಣ ಹೋಗುತ್ತೆ. ಉಳಿದಿದ್ದನ್ನ ಅವತ್ತೇ ಪಕ್ಕದ ಕಾಫಿಗೆ ಕೊಟ್ಟಿದ್ರೆ ಕೊಳೆರೋಗಕ್ಕಾದ್ರೂ ಆಗ್ತಿತ್ತು (ಆ ಶಿಲೀಂಧ್ರಕ್ಕೆ ವಿಜ್ಞಾನಿಗಳಿಟ್ಟ ಹೆಸರೇ ಕೊಲೆರೋಗಾ ನಾಕ್ಸಿಯಾ, ನಮ್ಮ ಕನ್ನಡ ಮಾತೇ ಹೋಗಿ ಲ್ಯಾಟಿನ್ನಲ್ಲಿ ಕೂತಿದೆ!).

ಸುಣ್ಣ ಹಳೇದಾ ಅಂತಾನೂ ನೋಡಿ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆಜಿ ತುತ್ತ, 1 ಕೆಜಿ ಸುಣ್ಣ ಅನ್ನೋ ಲೆಕ್ಕ ಸುಣ್ಣ ಚೆನ್ನಾಗಿದ್ರೆ ಮಾತ್ರ. ನಾನೇ ಒಂದ್ಸಲ ಗೋದಾಮಿನ ಮೂಲೇಲಿ ಗಾಳಿ ಕುಡಿದು ಪುಡಿಯಾಗಿದ್ದ ಸುಣ್ಣ ಹಾಕಿ, ಒಂದು ಸಾಲು ಮೆಣಸಿನ ಚಿಗುರೆಲ್ಲ ಕಪ್ಪು ಮಾಡ್ಕೊಂಡು ಮನೇಲಿ ಬೈಸಿಕೊಂಡಿದ್ದೆ. ಅವತ್ತಿಂದ ಉಜ್ಜಿದ ಕಬ್ಬಿಣದ ಕತ್ತಿ ಒಂದು ನಿಮಿಷ ಅದ್ದದೆ ಪಂಪ್ ಮುಟ್ಟಲ್ಲ. ಕತ್ತಿ ಮೇಲೆ ಕೆಂಪು ಹಿಡಿದ್ರೆ ಸುಣ್ಣಕ್ಕೆ ಸಿಗದ ತಾಮ್ರ ಇನ್ನೂ ಉಳಿದಿದೆ ಅಂತ, ಇನ್ನಷ್ಟು ಸುಣ್ಣದ ತಿಳಿ ಹಾಕಿ. ಕಲಸೋದು ಪ್ಲಾಸ್ಟಿಕ್ ಬ್ಯಾರಲ್‌ನಲ್ಲಿ, ತುತ್ತದ ನೀರನ್ನೇ ಸುಣ್ಣದ ನೀರಿಗೆ ಸುರೀಬೇಕು, ಉಲ್ಟಾ ಅಲ್ಲ.

ಮೆಣಸಿಗೆ ಮಳೆ ಹಿಡಿಯೋ ಮೊದಲು ಒಂದು, ಮಧ್ಯೆ ಹೊಳವು ಸಿಕ್ಕಾಗ ಇನ್ನೊಂದು ಹೊಡೀರಿ, ಬುಡದಲ್ಲಿ ನೀರು ನಿಲ್ಲೋಕೆ ಬಿಡಬೇಡಿ. ಬಳ್ಳಿ ಸೊರಗೋಕೆ ಶುರುವಾಗಿದ್ರೆ ಮಡಿಕೇರಿ ಹತ್ತಿರದ ಅಪ್ಪಂಗಳದ ಸಂಬಾರ ಬೆಳೆ ಸಂಶೋಧನಾ ಕೇಂದ್ರಕ್ಕೆ ಬೇರು ಸಮೇತ ತೋರ್ಸಿ. ಆ ಫೋಸೆಟೈಲ್ ಮುಂದೆ ಯಾವತ್ತಾದ್ರೂ ಬೇಕಾದ್ರೂ ಬೋರ್ಡೋ ಹೊಡೆದ ಪಂಪಿಗೆ ಹಾಗೇ ಸುರೀಬೇಡಿ, ನಾಝಲ್ ಬಿಚ್ಚಿ ಎರಡು ಸಲ ತೊಳೀರಿ.